ಆಮೆ ವಂಶದ ಎದೆಬಡಿತ

ಜೂನ್ 9

ಪ್ರೀತಿಯ ಅಣ್ಣನಿಗೆ,

ನಾನು ಆರಾಮಾಗಿದ್ದೇನೆ. ಆಸ್ಪತ್ರೆಯಲ್ಲಿ ಮಲಗಿಕೊಂಡು ಆರಾಮಂತೆ ಇವಳಿಗೆ ಅಂತ ನಗಬೇಡ. ಈ ಕೊರೊನಾ ವಾರ್ಡಿನಲ್ಲಿ ಎದ್ದು ಕೂತು ಪೆನ್ನು ಹಿಡಿಯುವವರೆಲ್ಲ ಆರಾಮಾಗಿರುವವರೇ.

ಫೋನ್ ಮಾಡೋಣವೆಂದರೆ ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್, ನಾಲ್ಕು ಮಾತಿಗೇ ಏದುಸಿರು. ಮಾಸ್ಕ್ ತೆಗೆದು ಕಿರುಚಿಕೊಂಡರೂ, ಬಟ್ಟೆ ಮಿಲ್ಲಿನ ಮಗ್ಗಗಳ ಗದ್ದಲಕ್ಕೆ ಕಿವಿ ಕೊಟ್ಟು ಬಂದ ನಿನಗೆ ಏನು ಕೇಳಬೇಕು? ನನಗೆ ಉಸಿರಿಲ್ಲ, ನಿನಗೆ ಕಿವಿಯಿಲ್ಲ. ಒಳ್ಳೇ ಜೋಡಿ! ಅದಕ್ಕೇ ಎಂದಿನಂತೆ ಕಾಗದ. ಆದರೆ ಈ ವಾರ್ಡಿನಿಂದ ಕಾಗದದ ಚೂರೂ ಹೊರಗೆ ಹೋಗುವಂತಿಲ್ಲ. ದಪ್ಪ ಕನ್ನಡಕದ ಸಿಸ್ಟರ್ ಒಬ್ಬರಿದ್ದಾರೆ, ತಮ್ಮ ಪಾಳಿ ಇದ್ದಾಗ ಇದರ ಫೋಟೋ ತೆಗೆದು ನಿನ್ನ ಮನೆ ಕೆಳಗಿನ ಜೆರಾಕ್ಸ್ ಅಂಗಡಿಯವನ ಮೊಬೈಲಿಗೆ ಕಳಿಸುತ್ತಾರೆ. ಅವನು ಪ್ರಿಂಟ್ ತೆಗೆದು ನಿನ್ನ ಕೈಗೆ ಕೊಡುತ್ತಾನೆ. ನಿನ್ನ ಉತ್ತರವೂ ಅದೇ ದಾರಿಯಲ್ಲಿ ಬರಲಿ. ಅವನು ಓದದೆ ಕೊಡುವ ಆಸಾಮಿಯಲ್ಲ, ಹಾಗಾಗಿ ಅವನಿಗೂ ನನ್ನ ನಮಸ್ಕಾರ.

ಒಂದು ತಮಾಷೆ ಕೇಳು. ನಿನ್ನೆ ಮಂಚದ ಪಕ್ಕದ ಮಾನಿಟರ್ ಇದ್ದಕ್ಕಿದ್ದಂತೆ ಕೂಗಿಕೊಂಡಿತು. ಡ್ಯೂಟಿ ಡಾಕ್ಟರ್ ಓಡಿಬಂದರು. "ನಿಮ್ಮ ಪಲ್ಸ್ ನಲವತ್ತೆರಡಕ್ಕೆ ಇಳಿದಿದೆಯಲ್ಲಾ!" ಅಂದರು. ನಾನು ಮಾಸ್ಕ್ ಸ್ವಲ್ಪ ಎತ್ತಿ, "ಮೊದಲಿಂದ್ಲೂ ಅಷ್ಟೇ ಡಾಕ್ಟ್ರೇ. ನಮ್ಮದು ಆಮೆ ವಂಶ," ಅಂದೆ. ಪಾಪ, ನನ್ನ ಮುಖವನ್ನೇ ನೋಡಿದರು. ಭಾನುವಾರ ಊಟವಾದ ಮೇಲೆ ಅಪ್ಪ ನಮ್ಮಿಬ್ಬರ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತ ನಾಡಿ ಎಣಿಸುತ್ತಿದ್ದದ್ದು, ಯಾರದ್ದು ಕಡಿಮೆ ಬಂತೋ ಅವರ ಬೆನ್ನು ತಟ್ಟುತ್ತಿದ್ದದ್ದು, "ನಿಧಾನದ ಎದೆ ನೂರು ವರ್ಷ ಬಾಳುತ್ತೆ" ಅನ್ನುತ್ತಿದ್ದದ್ದು, ಇವರಿಗೇನು ಗೊತ್ತು? ಅಪ್ಪ ಮಿಲ್ಲಿನಲ್ಲಿದ್ದಾಗ ಅಲ್ಲಿನ ಡಾಕ್ಟರು ಅವರ ನಾಡಿಯ ಸೋಜಿಗ ನೋಡಲು ಕಾಂಪೌಂಡರನ್ನೂ ಕರೆದಿದ್ದರಲ್ಲ, ಅದನ್ನೂ ಹೇಳಿದೆ. ನಾನು ಈಜು ಕಲಿಸುವ ಟೀಚರ್ ಅಂದ ಮೇಲೆ ಅವರಿಗೂ ಸಮಾಧಾನವಾಯಿತು. ಈಜುವವರ ನಾಡಿ ನಿಧಾನವೇ ಇರುತ್ತದಂತೆ.

"ಮನೆಯಲ್ಲಿ ಯಾರಿಗಾದರೂ ಹಾರ್ಟ್ ತೊಂದರೆ?" ಅಂತ ಕೇಳಿದರು. ಒಬ್ಬರಿಗೂ ಇಲ್ಲ, ನಮ್ಮಣ್ಣ ನನಗಿಂತ ದೊಡ್ಡವನು, ಈಗಲೂ ಕಲ್ಲುಗುಂಡಿನ ಹಾಗಿದ್ದಾನೆ ಅಂದೆ. ಬರೆದುಕೊಂಡರು.

ನೀನು ಇತ್ತ ಬರುವ ಯೋಚನೆ ಮಾಡಬೇಡ. ಬಂದರೂ ಗೇಟಿನೊಳಗೆ ಬಿಡುವುದಿಲ್ಲ.

ನಿನ್ನ ತಂಗಿ


ಜೂನ್ 11

ಪ್ರೀತಿಯ ಮೀನಮ್ಮನಿಗೆ,

ಕಾಗದ ಬಂತು. ಜೆರಾಕ್ಸಿನವನು ಕೊಡುವಾಗಲೇ ನಗುತ್ತಿದ್ದ. "ನಾನು ಓದ್ತೀನಿ ಅಂತ ನಿಮ್ಮ ತಂಗಿಗೆ ಹೇಗೆ ಗೊತ್ತಾಯ್ತು ಸಾರ್?" ಅಂತ ನನ್ನ ಕಿವಿಯ ಹತ್ತಿರ ಬಾಯಿಟ್ಟು ಕಿರುಚಿದ. ನನಗೆ ಅರ್ಧ ಕೇಳಿಸಿತು, ಬೀದಿಗೆಲ್ಲ ಪೂರ್ತಿ ಕೇಳಿಸಿತು. ಎದುರು ಮನೆಯವರು ಕಿಟಕಿಯಿಂದಲೇ ನಿನ್ನ ಆರೋಗ್ಯ ವಿಚಾರಿಸಿದರು.

ಇಲ್ಲಿ ಎಲ್ಲ ಚೆನ್ನಾಗಿದೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ನಾನೇ ವಾಷರ್ ಬದಲಾಯಿಸಿದೆ. ಈಗ ಮೊದಲಿಗಿಂತ ಜೋರಾಗಿ ಸೋರುತ್ತಿದೆ.

ಮೀನಮ್ಮಾ, ಡಾಕ್ಟರು ಏನು ಕೇಳಿದರೂ ಸರಿಯಾಗಿ ಹೇಳು. ಆಮೆ ವಂಶದ ಕಥೆ ಹೇಳಿ ಅವರ ಬಾಯಿ ಮುಚ್ಚಿಸಬೇಡ. ಅಪ್ಪ ನೂರು ವರ್ಷ ಅನ್ನುತ್ತಿದ್ದರು, ಸರಿ. ತಾವು ಹೋದದ್ದು ಐವತ್ತಾರಕ್ಕೆ. ಊಟ ಮಾಡಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನರಳಲಿಲ್ಲ, ಒದ್ದಾಡಲಿಲ್ಲ, ಪುಣ್ಯಾತ್ಮ ಅಂದರು ಜನ. ನಾವೂ ತಲೆಯಾಡಿಸಿದೆವು. ಯಾಕೆ ಹೋದರು ಅಂತ ಒಬ್ಬರೂ ಕೇಳಲಿಲ್ಲ.

ಮಿಲ್ಲಿನ ಬಣ್ಣದ ಸೆಕ್ಷನ್ನಿನಲ್ಲಿ ನನಗೊಬ್ಬ ಗೆಳೆಯ. ಅವನ ನಾಡಿಯೂ ನಿಧಾನ. ಆಮೇಲೆ ಡಾಕ್ಟರು ಹೇಳಿದರು ಅಂತ ಎದೆಗೆ ಒಂದು ಯಂತ್ರ ಹಾಕಿಸಿಕೊಂಡ. ಈಗ ಚೆನ್ನಾಗಿದ್ದಾನೆ. ಸುಮ್ಮನೆ ನೆನಪಾಯಿತು, ಬರೆದೆ.

ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ ಕಿವುಡಣ್ಣ


ಜೂನ್ 14

ಅಣ್ಣಾ,

ನಿನ್ನ ಬಾಯಿ ಮುಹೂರ್ತ ಸರಿಯಿಲ್ಲ ನೋಡು. ನೀನು ಯಂತ್ರ ಅಂತ ಬರೆದ ಮಾರನೇ ದಿನವೇ ಇಲ್ಲಿ ಹೃದಯದ ದೊಡ್ಡ ಡಾಕ್ಟರು ಬಂದರು. ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು, ಬರೀ ಕಣ್ಣು ಕಾಣುತ್ತಿತ್ತು. ಒಳ್ಳೇ ಕಣ್ಣು. ರಕ್ತ ಪರೀಕ್ಷೆ, ಇಸಿಜಿ ಎಲ್ಲ ನೋಡಿ ಮಂಚದ ಪಕ್ಕ ಕೂತು ಹೇಳಿದರು. ಶ್ವಾಸಕೋಶ ಸುಧಾರಿಸುತ್ತಿದೆ, ಆದರೆ ಕಾಯಿಲೆ ಎದೆಗೂ ಇಳಿದು ಹೃದಯದ ಸ್ನಾಯು ಊದಿಕೊಂಡಿದೆ, ಕೊರೊನಾ ಬಂದು ಆಸ್ಪತ್ರೆ ಸೇರಿದ ಕೆಲವರಲ್ಲಿ ಹೀಗಾಗುತ್ತದೆ ಅಂತ. ಹೃದಯದಲ್ಲಿ ಮೇಲಿನ ಕೋಣೆ, ಕೆಳಗಿನ ಕೋಣೆ ಅಂತ ಇದೆಯಂತೆ. ಮೇಲಿನದು ಬಡಿ ಬಡಿ ಅಂತ ಕೂಗಿದರೆ ಕೆಳಗಿನದಕ್ಕೆ ಒಮ್ಮೊಮ್ಮೆ ಕೇಳುವುದೇ ಇಲ್ಲವಂತೆ. ಥೇಟ್ ನಿನ್ನ ಹಾಗೆ! ನಾನು ನಕ್ಕೆ. ಅವರು ನಗಲಿಲ್ಲ.

"ಪೇಸ್‌ಮೇಕರ್ ಬೇಕಾಗಬಹುದಮ್ಮ" ಅಂದರು. ನಾನು ಬೇಡ ಅಂದೆ. ಕಾಯಿಲೆ ಇಳಿದರೆ ಊತವೂ ಇಳಿಯುತ್ತದೆ, ನನ್ನ ಎದೆ ತನ್ನ ಹಳೆಯ ನಡಿಗೆಗೆ ಬರುತ್ತದೆ. ಅದು ನಿಧಾನವೇ, ಅದನ್ನು ಯಾರಿಗಾಗಿ ಓಡಿಸಬೇಕು?

ನಿಜ ಹೇಳಲಾ? ಈಜುಕೊಳ ಇಂದಲ್ಲ ನಾಳೆ ತೆರೆಯುತ್ತಾರೆ. ಎದೆಯಲ್ಲಿ ಬ್ಯಾಟರಿ ಇಟ್ಟುಕೊಂಡ ಟೀಚರ್ ಹತ್ತಿರ ಮಕ್ಕಳನ್ನು ಯಾರು ಕಳಿಸುತ್ತಾರೆ? ನೀರಿಗಿಳಿಯದೆ ದಡದಲ್ಲಿ ಕುರ್ಚಿ ಹಾಕಿಕೊಂಡು ಸೀಟಿ ಊದುತ್ತ ಕೂರಬೇಕಾ ನಾನು? ಅದಕ್ಕಿಂತ ಹೀಗೇ ಇರುವುದು ವಾಸಿ.

ಅಂದಹಾಗೆ ಬಣ್ಣದ ಸೆಕ್ಷನ್ನಿನ ಗೆಳೆಯ ಯಾರಪ್ಪ? ಇಷ್ಟು ವರ್ಷದಲ್ಲಿ ಒಂದು ದಿನವೂ ಅವನ ಸುದ್ದಿ ಎತ್ತಿರಲಿಲ್ಲ. ಬ್ಯಾಟರಿ ಹಾಕಿಕೊಂಡು ಬದುಕುವುದು ರೇಡಿಯೋಗೆ ಸರಿ, ಮನುಷ್ಯನಿಗಲ್ಲ ಅಂತ ಅವನಿಗೆ ಹೇಳು.

ನಿನ್ನ ತಂಗಿ


ಜೂನ್ 15

ಮೀನಮ್ಮಾ,

ಕಾಗದ ಓದಿದೆ. ಉತ್ತರ ಬರೆಯಲು ಕೂತು ಹರಿದೆ, ಮತ್ತೆ ಕೂತು ಮತ್ತೆ ಹರಿದೆ.

ಡಾಕ್ಟರು ಹೇಳಿದ ಹಾಗೆ ಕೇಳು. ಇಷ್ಟೇ ನನ್ನ ಮಾತು. ಗೆಳೆಯನಿಗೆ ನೀನು ಹೇಳಿದ್ದನ್ನು ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ.

ಇಲ್ಲಿ ಬಿಸಿಲು ಜಾಸ್ತಿ.

ನಿನ್ನ ಅಣ್ಣ


ಜೂನ್ 20

ಅಣ್ಣಾ,

ಅಕ್ಷರ ಬೇರೆ ಅಂತ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಕನ್ನಡಕದ ಸಿಸ್ಟರ್ ಬರೆಯುತ್ತಿದ್ದಾರೆ. ಕತ್ತಿನ ಹತ್ತಿರ ಒಂದು ವೈರ್ ತೂರಿಸಿದ್ದಾರೆ, ಅಲುಗಾಡಬಾರದಂತೆ. ಮೊನ್ನೆ ಬಾತ್‌ರೂಮಿನಲ್ಲಿ ಸ್ವಲ್ಪ ತಲೆ ತಿರುಗಿತು, ಅಷ್ಟೇ.

(ಸರ್, ನಾನು ಸಿಸ್ಟರ್. ಹೇಳಿದ್ದನ್ನಷ್ಟೇ ಬರೆಯಬೇಕು ಅಂತ ಇವರು ಆಣೆ ಹಾಕಿಸಿಕೊಂಡಿದ್ದಾರೆ. ಆದರೆ ಸುಳ್ಳು ಬರೆಯಲು ಕೈ ಬರುವುದಿಲ್ಲ. ಸ್ವಲ್ಪ ತಲೆ ತಿರುಗಿದ್ದಲ್ಲ. ಪ್ರಜ್ಞೆ ತಪ್ಪಿ ಬಿದ್ದಿದ್ದರು. ಮಾನಿಟರ್ ಹಚ್ಚಿ ನೋಡಿದರೆ ಗೆರೆ ನೆಟ್ಟಗಿತ್ತು. ಎದೆ ಒತ್ತಿ ಒತ್ತಿ ವಾಪಸ್ ಕರೆತಂದೆವು. ಬಂದ ದಿನದಿಂದಲೂ ತಲೆ ಸುತ್ತುತ್ತಿತ್ತಂತೆ, ಒಬ್ಬರಿಗೂ ಬಾಯಿ ಬಿಟ್ಟಿರಲಿಲ್ಲ.)

ಸಿಸ್ಟರ್ ಏನೋ ಬಹಳ ಬರೆಯುತ್ತಿದ್ದಾರೆ, ನಾನು ಹೇಳಿದ್ದು ಅಷ್ಟುದ್ದ ಇಲ್ಲ. ಇರಲಿ. ವೈರಿನ ಇನ್ನೊಂದು ತುದಿಯನ್ನು ಮಂಚದ ಪಕ್ಕದ ಡಬ್ಬಿಗೆ ಸಿಕ್ಕಿಸಿದ್ದಾರೆ. ಆ ಡಬ್ಬಿ ಹೇಳಿದ ಹಾಗೆ ಸದ್ಯಕ್ಕೆ ನನ್ನ ಎದೆ ಕುಣಿಯುತ್ತಿದೆ. ಇನ್ನು ಕೆಲವು ದಿನಕ್ಕೆ ತೆಗೆಯುತ್ತಾರೆ. ಆಮೇಲೆ ಮನೆಗೆ.

(ಮನೆಗಲ್ಲ ಸರ್. ಈ ವೈರ್ ತಾತ್ಕಾಲಿಕದ್ದು, ಬಹಳ ದಿನ ಇಟ್ಟರೆ ಸೋಂಕಾಗುತ್ತದೆ. ಊತ ಬಹುಮಟ್ಟಿಗೆ ಇಳಿದಿದೆ, ಆದರೆ ಎದೆ ಇನ್ನೂ ತಾನಾಗಿ ಸರಿಯಾಗಿ ಬಡಿಯುತ್ತಿಲ್ಲ. ಶಾಶ್ವತವಾಗಿ ಪೇಸ್‌ಮೇಕರ್ ಹಾಕದೆ ಇದನ್ನು ತೆಗೆದರೆ ಮತ್ತೆ ಬೀಳುತ್ತಾರೆ, ಆಗ ಏಳುತ್ತಾರೋ ಇಲ್ಲವೋ ಹೇಳಲಾಗದು ಅಂತ ದೊಡ್ಡ ಡಾಕ್ಟರು ಇವರಿಗೆ ಬಿಡಿಸಿ ಹೇಳಿದ್ದಾರೆ. ಇವರು ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ. ಅಪ್ಪನಿಗೆ ಹಾಗಿತ್ತು, ಅಣ್ಣನಿಗೆ ಹೀಗಿದೆ ಅನ್ನುತ್ತಾರೆ. ನಿಮ್ಮ ಮಾತಾದರೂ ಕೇಳುತ್ತಾರೇನೋ, ಹೇಳಿ ನೋಡಿ.)

ಸಿಸ್ಟರಿಗೆ ಚಹಾ ಹೊತ್ತಾಯಿತಂತೆ. ಮುಗಿಸುತ್ತೇನೆ.

ನಿನ್ನ ತಂಗಿ


ಜೂನ್ 21

ಮೀನಮ್ಮಾ,

ಬಣ್ಣದ ಸೆಕ್ಷನ್ನಿನಲ್ಲಿ ನನಗೆ ಯಾವ ಗೆಳೆಯನೂ ಇಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವನು ನಾನೇ.

ಎರಡು ವರ್ಷವಾಯಿತು. ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದವನು ಕುಸಿದೆ. ಕಣ್ಣು ಬಿಟ್ಟಾಗ ಜೆರಾಕ್ಸಿನವನು ಮುಖಕ್ಕೆ ನೀರು ಹೊಡೆಯುತ್ತಿದ್ದ. ಆಸ್ಪತ್ರೆಗೆ ಹೋದೆ. ನಿನ್ನ ಡಾಕ್ಟರು ಹೇಳಿದರಲ್ಲ, ಮೇಲಿನ ಕೋಣೆ, ಕೆಳಗಿನ ಕೋಣೆ, ಅದೇ ಕಥೆಯನ್ನು ನನಗೂ ಹೇಳಿದರು. ನನಗೆ ಕೊರೊನಾ ಗಿರೊನಾ ಏನೂ ಇರಲಿಲ್ಲ, ತಾನಾಗಿಯೇ ಸವೆದಿತ್ತು. ಅಪ್ಪ ಹೋದ ರೀತಿ ಹೇಳಿದಾಗ, ಅವರಿಗೂ ಇದೇ ಇದ್ದಿರಬಹುದು ಅಂದರು. ಅಪ್ಪ ಭಾನುವಾರ ಭಾನುವಾರ ಎಣಿಸಿ ಬೆನ್ನು ತಟ್ಟುತ್ತಿದ್ದದ್ದು ಈ ಕಾಯಿಲೆಗೇನೋ ಅಂತ ನನಗೆ ಅವತ್ತು ಅನ್ನಿಸಿತು.

ನಿನಗೆ ಯಾಕೆ ಹೇಳಲಿಲ್ಲ? ನಾಚಿಕೆಯಾಯಿತು. ನೀನು ನನ್ನನ್ನು ಕಲ್ಲುಗುಂಡು ಅನ್ನುತ್ತೀಯ. ಮತ್ತೆ, ನೀನು ಹೆದರಿಕೊಂಡು ಕೆಲಸ ಬಿಟ್ಟು ಓಡಿಬರುತ್ತೀಯ ಅಂತಲೂ ಇತ್ತು. ಹೊಟ್ಟೆಯಲ್ಲೇ ಇಟ್ಟುಕೊಂಡೆ. ರೇಡಿಯೋ ಅಂತ ನೀನು ಬರೆದದ್ದನ್ನು ಓದಿದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ ಎದೆ ಮುಟ್ಟಿ ನೋಡಿಕೊಂಡೆ. ಆಗಲೂ ಹೇಳಲಿಲ್ಲ. ಐದು ದಿನ ನಿನ್ನ ಕಾಗದ ಬರಲಿಲ್ಲ. ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ.

ಈಜಬಹುದು ಮೀನಮ್ಮ. ಗಾಯ ಮಾಗಿದ ಮೇಲೆ ಧಾರಾಳವಾಗಿ ಈಜಿ ಅಂತ ಡಾಕ್ಟರೇ ನನಗೆ ಹೇಳಿದ್ದರು. ನಿನ್ನ ಊತ ಪೂರ್ತಿ ಇಳಿಯುವವರೆಗೆ ತಡೆಯಬೇಕಾಗಬಹುದು, ನಿನ್ನ ಡಾಕ್ಟರನ್ನು ಕೇಳು. ಹೋದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಬಂದಾಗ, ನೆಗಡಿ ಅಂತ ನೆಪ ಹೇಳಿ ನೀರಿಗಿಳಿಯಲಿಲ್ಲವಲ್ಲ, ಅದು ಅಂಗಿ ತೆಗೆದರೆ ನಿನಗೆ ಗೊತ್ತಾಗುತ್ತದೆ ಅಂತ.

ಈ ಕಾಗದವನ್ನು ಡಾಕ್ಟರಿಗೆ ತೋರಿಸು. ಮನೆಯಲ್ಲಿ ಯಾರಿಗೂ ಇಲ್ಲ ಅಂತ ನೀನು ಬರೆಸಿದ್ದು ಸರಿಯಲ್ಲ. ನಿನಗೆ ಗೊತ್ತಿದ್ದದ್ದನ್ನು ನೀನು ಹೇಳಿದೆ. ಗೊತ್ತಾಗದ ಹಾಗೆ ಮಾಡಿದವನು ನಾನು.

ದಮ್ಮಯ್ಯ ಅಂತೀನಿ, ಒಪ್ಪಿಕೋ. ನನಗೆ ಇರುವವಳು ನೀನೊಬ್ಬಳು.

ನಿನ್ನ ಅಣ್ಣ


ಜೂನ್ 22

ಅಣ್ಣಾ,

ಇದು ನನ್ನದೇ ಕೈ, ಸಿಸ್ಟರ್ ಬೈಯುತ್ತಿದ್ದಾರೆ, ಆದರೂ ಬರೆಯುತ್ತೇನೆ. ನಾನು ನಂಬುವುದಿಲ್ಲ. ನನ್ನನ್ನು ಒಪ್ಪಿಸಲು ಕಥೆ ಕಟ್ಟಿದ್ದೀಯ. ಚಿಕ್ಕಂದಿನಲ್ಲೂ ಹೀಗೇ, ನನಗೆ ಔಷಧಿ ಕುಡಿಸಲು ನಾನೂ ಕುಡಿದೆ ಅಂತ ನೀನು ಖಾಲಿ ಚಮಚ ನೆಕ್ಕುತ್ತಿದ್ದೆ.


ಜೂನ್ 23

ಮೀನಮ್ಮಾ,

ಈ ಸಲ ಚಮಚ ಖಾಲಿಯಿಲ್ಲ. ಫೋಟೋ ನೋಡು.

ಇದನ್ನು ತೆಗೆಸಿಕೊಳ್ಳಲು ನಾನು ಪಟ್ಟ ಪಾಡು ನಾಯಿಗೂ ಬೇಡ. ಜೆರಾಕ್ಸ್ ಅಂಗಡಿಯ ಬಾಗಿಲು ಅರ್ಧ ಎಳೆದು, ಅಂಗಿ ಬನಿಯನ್ ಬಿಚ್ಚಿ, ಲ್ಯಾಮಿನೇಷನ್ ಮೆಷಿನ್ ಪಕ್ಕ ನಿಂತೆ. ಅವನು ಬೆಳಕು ಸಾಲದು ಅಂತ ಬಾಗಿಲ ಹತ್ತಿರ ಎಳೆದ. "ಸ್ವಲ್ಪ ನಗಿ ಸಾರ್" ಅಂತ ಬೇರೆ ಕಿರುಚಿದ. ಎದುರು ಮನೆಯವರು ಇವತ್ತೂ ಕಿಟಕಿಯಲ್ಲೇ ಇದ್ದರು.

ಎಡ ಭುಜದ ಮೂಳೆಯ ಕೆಳಗೆ ಉಬ್ಬಿಕೊಂಡು ಕಾಣುತ್ತದಲ್ಲ, ಅದೇ. ಅದರ ಮೇಲಿನ ಗೆರೆ ಹೊಲಿಗೆ ಹಾಕಿದ್ದು. ಮುಟ್ಟಿದರೆ ಗಟ್ಟಿ ಇದೆ, ನೋಯುವುದಿಲ್ಲ. ಎಷ್ಟೋ ದಿನ ಅದು ಇರುವುದೇ ಮರೆತುಹೋಗುತ್ತದೆ.

ಈಗಲಾದರೂ ಹೂಂ ಅನ್ನು.

ನಿನ್ನ ಅಣ್ಣ


ಜೂನ್ 25

ಅಣ್ಣಾ,

ಫೋಟೋ ನೋಡಿದೆ. ಸಿಸ್ಟರ್ ಮೊಬೈಲನ್ನು ನನ್ನ ಕಣ್ಣ ಮುಂದೆ ಹಿಡಿದರು, ನಾನು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಆ ಗೆರೆ ಹಳೆಯದಾಗಿದೆ. ಮಾಗಿ ಬಿಳಿಯಾಗಿದೆ. ಅಷ್ಟು ದಿನವಾಗಿದೆ, ನನಗೆ ಗೊತ್ತೇ ಇಲ್ಲ.

ನನ್ನ ಆಪರೇಷನ್ ವಿಷಯ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು. ಆವತ್ತು ನಿನ್ನ ಜೊತೆ ಯಾರಿದ್ದರು?

ಎರಡು ವರ್ಷದ ಹಿಂದೆ ನೀನು ಬರೆದ ಒಂದು ಕಾಗದ ನೆನಪಾಗುತ್ತಿದೆ. ಅಕ್ಷರ ಸೊಟ್ಟಪಟ್ಟ ಇತ್ತು. ನಲ್ಲಿ ನೀರು, ಬಿಸಿಲು, ಈರುಳ್ಳಿ ಅಂತ ಏನೇನೋ ಬರೆದಿದ್ದೆ. ಕೋಳಿ ಕಾಲಲ್ಲಿ ಗೀಚಿದ ಹಾಗಿದೆ, ಕಿವಿಯ ಜೊತೆ ಕೈಯೂ ಹೋಯಿತಾ ಅಂತ ನಾನು ಗೇಲಿ ಮಾಡಿದ್ದೆ. ಆ ಕಾಗದ ಎಲ್ಲಿಂದ ಬರೆದದ್ದು? ಮಳ್ಳಿ ಮಳ್ಳಿ ಮಂಚಕ್ಕೆ ಎಷ್ಟು ಕಾಲು ಅಂದರೆ ಮೂರು ಮತ್ತೊಂದು ಅನ್ನುವ ಹಾಗೆ ಸುತ್ತಿಸಬೇಡ. ನೇರ ಹೇಳು.


ಜೂನ್ 26

ಮೀನಮ್ಮಾ,

ಯಾರೂ ಇರಲಿಲ್ಲ.

ಜೆರಾಕ್ಸಿನವನು ಬರುತ್ತೇನೆ ಅಂದ. ಅಂಗಡಿ ಯಾಕೆ ಮುಚ್ಚುತ್ತೀಯ ಅಂತ ನಾನೇ ಬೇಡವೆಂದೆ. ಬಸ್ಸಿನಲ್ಲಿ ಹೋದೆ. ಜೊತೆಗೆ ಬಂದವರು ಯಾರು ಅಂತ ಅಲ್ಲಿ ಕೇಳಿದರು. ನನಗೆ ಕೇಳಿಸಲಿಲ್ಲ ಅನ್ನುವ ಹಾಗೆ ನಿಂತೆ. ಕಿವುಡನಿಗೆ ಇದೊಂದು ಅನುಕೂಲ. ಅವರು ಮತ್ತೆ ಕೇಳಲಿಲ್ಲ.

ಆ ಕಾಗದ ಅಲ್ಲಿಂದಲೇ ಬರೆದದ್ದು. ಆಪರೇಷನ್ ಆದ ಮಾರನೇ ದಿನ, ಮಲಗಿಕೊಂಡೇ. ಪಕ್ಕದ ಮಂಚದವನ ಮನೆಯವರೆಲ್ಲ ಬಂದು ಮಾತಾಡುತ್ತಿದ್ದರು. ನನಗೆ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿತು, ನಿನಗೆ ಬರೆದೆ. ಬರೆಯುವಾಗ ನಲ್ಲಿ, ಬಿಸಿಲು ಬಿಟ್ಟರೆ ಬೇರೇನೂ ಪೆನ್ನಿಗೆ ಇಳಿಯಲಿಲ್ಲ. ನಿನ್ನ ಕೋಳಿ ಕಾಲಿನ ಉತ್ತರ ಬಂದಾಗ ಬಹಳ ಖುಷಿಯಾಯಿತು, ಸುಳ್ಳಲ್ಲ.

ಈಗ ನೀನು ಹೇಳು. ಒಪ್ಪಿದೆಯಾ?

ನಿನ್ನ ಅಣ್ಣ


ಜೂನ್ 27

ಅಣ್ಣಾ,

ಸಹಿ ಹಾಕಿದೆ. ನಾಡಿದ್ದು ಮಾಡುತ್ತಾರೆ. ನಿನ್ನ ಕಾಗದ, ಫೋಟೋ ಎರಡನ್ನೂ ಡಾಕ್ಟರಿಗೆ ತೋರಿಸಿದೆ. ಬರೆದುಕೊಂಡಿದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದುಕೊಂಡರು. ಕೆಲವು ತಿಂಗಳು ಸುಮ್ಮನಿರಬೇಕು, ಆಮೇಲೆ ಪರೀಕ್ಷೆ ಮಾಡಿ ನೀರಿಗೆ ಬಿಡುತ್ತೇವೆ ಅಂದರು.

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನೀನು ಬ್ಯಾಟರಿ ಹಾಕಿಸಿಕೊಂಡಿದ್ದಕ್ಕಲ್ಲ. ತಂಗಿ ಹೆದರುತ್ತಾಳೆ ಅಂತ ನೀನೊಬ್ಬನೇ ಕೂತು ತೀರ್ಮಾನ ಮಾಡಿದೆಯಲ್ಲ, ಅದಕ್ಕೆ. ಹೆದರುತ್ತಿದ್ದೆ, ಹೌದು. ಬಸ್ಸು ಹತ್ತಿ ಅಳುತ್ತ ಬರುತ್ತಿದ್ದೆ. ಬಂದು ನಿನ್ನ ಪಕ್ಕ ಕೂತು ಇನ್ನಷ್ಟು ಹೆದರುತ್ತಿದ್ದೆ. ಅದು ನನ್ನ ಪಾಲಿನದು ಅಣ್ಣ. ಅದನ್ನು ನನ್ನಿಂದ ಕಿತ್ತುಕೊಳ್ಳಲು ನೀನು ಯಾರು?

ನಾನೂ ನಿನಗೆ ತಲೆಸುತ್ತು ಮುಚ್ಚಿಟ್ಟೆ ಅಂತ ಸಿಸ್ಟರ್ ಪಕ್ಕದಿಂದ ನೆನಪಿಸುತ್ತಿದ್ದಾರೆ. ಸರಿ, ಮುಚ್ಚಿಟ್ಟೆ. ಈಗ ಹೇಳುತ್ತೇನೆ, ನನಗೆ ಭಯವಾಗುತ್ತಿದೆ. ನಿನಗೂ ಆಗಲಿ.

ನಿನ್ನ ತಂಗಿ


ಜೂನ್ 29

ಮೀನಮ್ಮಾ,

ನೀನು ಒಳಗಿರುವ ಹೊತ್ತಿಗೆ ಇದನ್ನು ಬರೆಯುತ್ತಿದ್ದೇನೆ. ಹೊರಗೆ ಬಂದ ಮೇಲೆ ಓದು.

ನನಗೆ ಬಹಳ ಭಯವಾಗುತ್ತಿದೆ. ಜೆರಾಕ್ಸಿನವನು ಅಂಗಡಿ ತೆರೆದಿಲ್ಲ, ಮೊಬೈಲ್ ಹಿಡಿದುಕೊಂಡು ನನ್ನ ಎದುರಿಗೇ ಕೂತಿದ್ದಾನೆ.

ಅಣ್ಣ


ಜುಲೈ 1

ಅಣ್ಣಾ,

ಮುಗಿಯಿತು. ಎದ್ದು ಕೂತಿದ್ದೇನೆ. ಹೊಲಿಗೆ ಹಾಕಿದ ಜಾಗ ನೋಯುತ್ತದೆ, ಎಡಗೈ ಎತ್ತಲು ಬಿಡುವುದಿಲ್ಲ. ಒಳಗೆ ಮಲಗಿಸಿದಾಗ ಹಲ್ಲು ಕಟಕಟ ಅನ್ನುತ್ತಿತ್ತು, ಎ.ಸಿ. ಅಂತ ಅವರಿಗೆ ಹೇಳಿದೆ, ನಿನಗೆ ನಿಜ ಹೇಳುತ್ತೇನೆ, ಭಯಕ್ಕೆ. ನಿನ್ನ ಕಾಗದವನ್ನು ಸಿಸ್ಟರ್ ಓದಿ ಹೇಳಿದರು. ನಾನು ಅತ್ತುಬಿಟ್ಟೆ. ಆಮೇಲೆ ಹಸಿವಾಯಿತು.

ಕೊರೊನಾ ಪರೀಕ್ಷೆ ಎರಡು ಸಲ ನೆಗೆಟಿವ್ ಬಂತು. ಇವತ್ತು ಸಂಜೆ ನನ್ನನ್ನು ಸಾಮಾನ್ಯ ವಾರ್ಡಿಗೆ ಹಾಕುತ್ತಾರೆ. ಕಿಟಕಿ ಪಕ್ಕದ ಮಂಚವಂತೆ. ಅಲ್ಲಿ ಮನೆಯವರು ಒಬ್ಬರು ಜೊತೆಗಿರಬಹುದು. ಬಸ್ಸುಗಳನ್ನೂ ಬಿಟ್ಟಿದ್ದಾರಂತೆ.

ಜೊತೆಗಿರಲು ಯಾರಾದರೂ ಇದ್ದಾರಾ ಅಂತ ಕೇಳಿದರು. ಅಣ್ಣ ಇದ್ದಾನೆ ಅಂದೆ.

ಬಾ.